ಒಲೆ ಬೇರೆಯಾದರೂ ಕುಟುಂಬ ಒಂದೇ

1949ರಲ್ಲಿ ಮದರಾಸು ಪ್ರಾಂತ್ಯ ಒಂದು ಕಾಯ್ದೆ ಮಾಡಿತು. ಹೆಸರು ಮದರಾಸು ಅಳಿಯಸಂತಾನ ಕಾಯ್ದೆ, ಆ ವರ್ಷದ 9ನೆಯದು. ಅನ್ವಯ ಮುಖ್ಯವಾಗಿ ದಕ್ಷಿಣ ಕನ್ನಡ ಜಿಲ್ಲೆಗೆ, ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಇಳಿಯುವ ಕುಟುಂಬಗಳಿಗೆ. ಅದನ್ನು ಬರೆದವರಿಗೆ ಮೊದಲು ಎದುರಾದ ಕೆಲಸ ‘ಕವರು’ ಎಂದರೇನೆಂದು ವಿವರಿಸುವುದು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ದಾರಿಯಲ್ಲಿ ಇಳಿದು ಬಂದ ಅವಳ ಸಂತತಿಯೆಲ್ಲ ಸೇರಿ ಒಂದು ಕವರು. ಗಂಡಸಿನ ಕವರು ಯಾವುದು? ಅವನ ತಾಯಿಯದು ಯಾವುದೋ ಅದೇ. ಗಂಡಸು ತಾನಾಗಿ ಒಂದು ಕವರನ್ನು ಹುಟ್ಟಿಸಲಾರ. ಅವನ ಹೆಂಡತಿ ಮಕ್ಕಳು ಬೇರೊಂದು ಕವರಿನವರು, ಬೇರೊಂದು ಕುಟುಂಬದವರು.

ಅದೇ 1949ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ ‘ಸೋಶಿಯಲ್ ಸ್ಟ್ರಕ್ಚರ್’ ಎಂಬ ಪುಸ್ತಕ ಪ್ರಕಟಿಸಿದ. ಜಗತ್ತಿನ 250 ಸಮಾಜಗಳ ಮಾಹಿತಿಯನ್ನು ಎದುರಿಟ್ಟುಕೊಂಡು ಆತ ಹೊರಡಿಸಿದ ತೀರ್ಪು ಸರಳವಾಗಿತ್ತು: ಗಂಡ, ಹೆಂಡತಿ, ಅವರ ಮಕ್ಕಳು ಇಷ್ಟೇ ಇರುವ ಬೀಜಕುಟುಂಬ ಎಲ್ಲ ಕಡೆಯೂ ಇದೆ, ದೊಡ್ಡ ಕುಟುಂಬಗಳೆಲ್ಲ ಇಂಥ ಬೀಜಗಳನ್ನು ಜೋಡಿಸಿ ಮಾಡಿದವು. ‘ನ್ಯೂಕ್ಲಿಯರ್ ಫ್ಯಾಮಿಲಿ’ ಎಂಬ ಮಾತು ವಿದ್ವಾಂಸರ ಕೋಣೆಯಿಂದ ಪತ್ರಿಕೆಗಳಿಗೂ ಅಲ್ಲಿಂದ ಮನೆಮಾತಿಗೂ ಬರಲು ಈ ಪುಸ್ತಕವೇ ದೊಡ್ಡ ಕಾರಣ. ಮದರಾಸಿನ ಕಾಯ್ದೆ ಮರ್ಡಾಕನ ಮೇಜಿಗೆ ತಲುಪಿದ್ದರೆ ಅವನಿಗೆ ಸ್ವಲ್ಪ ಇರುಸುಮುರುಸು ಆಗುತ್ತಿತ್ತು. ಅಪ್ಪನನ್ನು ಹೊರಗಿಟ್ಟು ಕುಟುಂಬವನ್ನು ಎಣಿಸುವ ಸಮಾಜವೊಂದಕ್ಕೆ ಸರಕಾರವೇ ಮೊಹರು ಒತ್ತಿತ್ತು. ಆ ಹೊತ್ತಿಗೆ ತುಳುನಾಡಿನ ತೆಂಕಣ ನೆರೆಯಾದ ಮಲಬಾರಿನಲ್ಲಿ ಕ್ಯಾಥ್ಲೀನ್ ಗಫ್ ಎಂಬ ಇಂಗ್ಲಿಷ್ ಮಾನವಶಾಸ್ತ್ರಜ್ಞೆ ತಾಯಿಯ ಕಡೆಯ ಕೂಡುಕುಟುಂಬಗಳಾದ ನಾಯರ್ ತರವಾಡುಗಳಲ್ಲಿ ಕ್ಷೇತ್ರಕಾರ್ಯ ನಡೆಸಿದ್ದಳು. ಹತ್ತು ವರ್ಷಗಳ ಬಳಿಕ, 1959ರಲ್ಲಿ, ನಾಯರರ ಮದುವೆಯ ಬಗ್ಗೆ ಅವಳು ಬರೆದ ಪ್ರಬಂಧ ಮರ್ಡಾಕನ ‘ಎಲ್ಲ ಕಡೆಯೂ’ ಎಂಬ ಮಾತಿನ ಬುಡವನ್ನೇ ಅಲ್ಲಾಡಿಸಿತು.

ತುಳುನಾಡಿನ ಈ ಪದ್ಧತಿಗೆ, ಅಂದರೆ ಅಳಿಯಕಟ್ಟಿಗೆ, ಒಂದು ಕಥೆಯಿದೆ. ದೇವಪಾಂಡ್ಯನೆಂಬ ಅರಸ ಹಡಗು ಕಟ್ಟಿಸಿ ಸಮುದ್ರಕ್ಕೆ ಇಳಿಸಲು ಹೊರಟಾಗ ಭೂತರಾಜ ಕುಂಡೋದರ ಅಡ್ಡ ನಿಂತು ನರಬಲಿ ಕೇಳಿದ. ಕೊಡಬೇಕಾದ್ದು ಅರಸನ ಗಂಡುಮಕ್ಕಳಲ್ಲಿ ಒಬ್ಬನನ್ನು. ಹೆಂಡತಿ ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಕಳಿಸಿದಳು. ಕುಂಡೋದರ ಮೆಚ್ಚಿ ಹುಡುಗನನ್ನು ಉಳಿಸಿದ, ಅವನೇ ಭೂತಾಳಪಾಂಡ್ಯನಾದ. ಇನ್ನು ಮುಂದೆ ಆಸ್ತಿ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಎಂದು ಕಟ್ಟು ಮಾಡಿದ. ಭೂತಾಳಪಾಂಡ್ಯನ ಹೆಸರಿನಲ್ಲಿ ಓಡಾಡಿದ ‘ಅಳಿಯಸಂತಾನದ ಕಟ್ಟುಕಟ್ಟಲೆ’ ಎಂಬ ಬರಹದ ಹಳಮೆಯನ್ನು ವಿದ್ವಾಂಸರು ನಂಬಿಲ್ಲ. ಕಥೆಯೂ ಹಾಗೆಯೇ: ಪದ್ಧತಿ ಮೊದಲು ಬಂದು, ಅದಕ್ಕೆ ಸಮರ್ಥನೆ ಆಮೇಲೆ ಹುಟ್ಟಿಕೊಂಡಂತಿದೆ. ಮಗನನ್ನು ಬಲಿಗೆ ಕೊಡಲು ಒಪ್ಪದ ತಾಯಿಯನ್ನೇ ಕಥೆ ತಪ್ಪಿತಸ್ಥಳನ್ನಾಗಿ ಮಾಡುವುದು ಬೇರೆ ಮಾತು.

ಕಥೆ ಏನೇ ಇರಲಿ, ಪದ್ಧತಿ ಗಟ್ಟಿಯಾಗಿತ್ತು. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರಲ್ಲಿ ಅನೇಕರು ಇದರಲ್ಲಿ ಬಾಳಿದರು. ಜೈನ ಅರಸುಮನೆತನವಾದ ಚೌಟರಲ್ಲೂ ಪಟ್ಟ ಸೋದರಮಾವನಿಂದ ಸೋದರಿಯ ಮಕ್ಕಳಿಗೆ ಹೋಗುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕನಿಗೆ ಪಟ್ಟ ಕಟ್ಟಿದವನು ಅವಳ ಸೋದರಮಾವ ತಿರುಮಲರಾಯ ಎಂದೇ ಪರಂಪರೆ ಹೇಳುತ್ತದೆ. 1801ರಲ್ಲಿ ಕೆನರಾದಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಬಂಟರ ಆಸ್ತಿ ಸೋದರಿಯರ ಮಕ್ಕಳಿಗೆ ಇಳಿಯುವುದನ್ನು ಗುರುತು ಮಾಡಿಕೊಂಡ.

ಈಗ ಒಂದು ಗೊಂದಲವನ್ನು ಬಿಡಿಸಬೇಕು. ಕೂಡುಕುಟುಂಬ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಒಂದೇ ಒಲೆ, ಉದ್ದದ ಪಂಕ್ತಿ, ನಲವತ್ತು ಎಲೆ. ಅಳಿಯಸಂತಾನದ ಕುಟುಂಬ ಹೀಗೆ ಒಂದೇ ಸೂರಿನಡಿ ಕೂತು ಉಣ್ಣುತ್ತಿದ್ದದ್ದು ಕಡಿಮೆ. ಮದುವೆಯಾದ ಬಂಟರ ಹೆಂಗಸು ಸಾಮಾನ್ಯವಾಗಿ ಗಂಡನಿರುವಲ್ಲಿಗೆ ಹೋಗಿ ಬಾಳುತ್ತಿದ್ದಳು. ಗಂಡ ಸತ್ತರೆ ಮಕ್ಕಳನ್ನು ಕರೆದುಕೊಂಡು ತನ್ನ ಕುಟುಂಬದ ಮನೆಗೆ ಮರಳುತ್ತಿದ್ದಳು. ಅಂದರೆ ಯಾವುದೋ ಬೈಲಿನ ಒಂದು ಮನೆಗೆ ಹೋಗಿ ನೋಡಿದರೆ ಕಾಣುವುದು ಗಂಡ, ಹೆಂಡತಿ, ನಾಲ್ಕು ಮಕ್ಕಳು. ಮರ್ಡಾಕನ ಬೀಜಕುಟುಂಬವೇ! ಆದರೆ ಆ ಮನೆಯ ಗದ್ದೆಯ ಒಡೆತನದಲ್ಲಿ ಹೆಂಡತಿಗೂ ಮಕ್ಕಳಿಗೂ ಕೂದಲೆಳೆಯಷ್ಟೂ ಪಾಲಿಲ್ಲ. ಅವರ ಗದ್ದೆ ಎರಡು ಊರು ಆಚೆ, ತಾಯಿಯ ಕಡೆಯ ಗುತ್ತಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿದೆ. ಅಲ್ಲಿನ ಯಜಮಾನ ಅವರ ಸೋದರಮಾವ. ಉಣ್ಣುವ ಘಟಕ ಒಂದು, ಉಳ್ಳವರ ಘಟಕ ಇನ್ನೊಂದು. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ‘ಹಿಂದೆ ದೊಡ್ಡ ಕುಟುಂಬ, ಈಗ ಚಿಕ್ಕ ಕುಟುಂಬ’ ಎಂಬ ನಮ್ಮ ಸಾಮಾನ್ಯ ಕಥನ ಇಷ್ಟು ಸಲೀಸಾಗಿ ಓಡುತ್ತ ಬಂದಿದೆ.

ಕುಟುಂಬದ ಯಜಮಾನಿಕೆ ಹಿರಿಯನಿಗೆ. ಹಿರಿಯವಳಾದರೆ ಅವಳು ಯಜಮಾಂತಿ. ಗದ್ದೆಗಳನ್ನು ಗೇಣಿಗೆ ಕೊಡುವುದು, ಅಕ್ಕಿಮುಡಿ ಎಣಿಸಿ ತೆಗೆದುಕೊಳ್ಳುವುದು, ಸರಕಾರದ ತೀರ್ವೆ ಕಟ್ಟುವುದು, ದೈವಕ್ಕೆ ತಂಬಿಲ, ವರ್ಷಾವಧಿ ನೇಮ ಇವೆಲ್ಲ ಅವರ ಹೊಣೆ. ಕುಟುಂಬದವರಿಗೆ ಇದ್ದದ್ದು ಜೀವನಾಂಶದ ಹಕ್ಕು. ದೂರದಲ್ಲಿ ಬಾಳುವ ಶಾಖೆಗೆ ಒಂದೆರಡು ಗದ್ದೆ ಬಿಟ್ಟುಕೊಟ್ಟು, ‘ಇದರಲ್ಲಿ ಉಂಡುಕೊಳ್ಳಿ’ ಎಂದು ಹೇಳುವುದು ರೂಢಿ. ಬಿಟ್ಟುಕೊಟ್ಟದ್ದು ಉಣ್ಣಲಿಕ್ಕೆ ಮಾತ್ರ, ಮಾರಲಿಕ್ಕಲ್ಲ.

ಇಂಥ ನಾಡಿಗೆ 1799ರಲ್ಲಿ ಆಳಲು ಬಂದವರ ಊರಿನ ಸಂಸಾರ ಹೇಗಿತ್ತು?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಕ್ಲೇವರ್ಥ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಸ್ಯಾಂಪ್ಸನ್ 1676ರಲ್ಲಿ ಊರಿನವರ ಪಟ್ಟಿಯೊಂದನ್ನು ಮನೆಮನೆಯಾಗಿ ಬರೆದಿಟ್ಟ; 1688ರಲ್ಲಿ ಮತ್ತೊಂದು. ಊರಿನಲ್ಲಿ ಇದ್ದದ್ದು ಸುಮಾರು ನಾಲ್ಕುನೂರು ಜನ. ಮುನ್ನೂರು ವರ್ಷ ಕಳೆಯುವ ಹೊತ್ತಿಗೆ ಈ ಪಟ್ಟಿಗಳು ಕೇಂಬ್ರಿಜ್‌ನ ಪೀಟರ್ ಲ್ಯಾಸ್ಲೆಟ್ ಎಂಬ ಇತಿಹಾಸಕಾರನ ಕೈಗೆ ಬಂದವು. ಹಳೆಯ ಇಂಗ್ಲೆಂಡಿನಲ್ಲೂ ಅಜ್ಜ, ಮಗ, ಮೊಮ್ಮಗ ಒಂದೇ ಮನೆಯಲ್ಲಿದ್ದರು, ಕಾರ್ಖಾನೆಗಳು ಬಂದು ಅವರನ್ನು ಒಡೆದವು ಎಂದೇ ಅಲ್ಲಿಯವರೂ ನಂಬಿದ್ದರು. ಲ್ಯಾಸ್ಲೆಟ್ ಮತ್ತು ಅವನ ಜೊತೆಗಾರರು 1574ರಿಂದ 1821ರವರೆಗಿನ ನೂರು ಇಂಗ್ಲಿಷ್ ಊರುಗಳ ಪಟ್ಟಿಗಳನ್ನು ಕೂಡಿ ನೋಡಿದಾಗ ಸರಾಸರಿ ಸಂಸಾರದ ಗಾತ್ರ ಸಿಕ್ಕಿದ್ದು 4.75. ಅದರಲ್ಲಿ ಮನೆಯಾಳುಗಳೂ ಸೇರಿದ್ದರು! ಮದುವೆಯಾದ ಮಗ ಬೇರೆ ಮನೆ ಹೂಡಬೇಕು. ಅದಕ್ಕೆ ಹಣ ಬೇಕು. ಹಣ ಕೂಡಿಸಲು ಹುಡುಗ ಹುಡುಗಿಯರು ಹರೆಯದಲ್ಲೇ ಬೇರೆಯವರ ಮನೆಗೆ ಆಳಾಗಿ ಹೋಗುತ್ತಿದ್ದರು. ಹಾಗಾಗಿ ಮದುವೆ ಇಪ್ಪತ್ತೈದರ ಆಸುಪಾಸಿಗೆ ಅಥವಾ ಆಮೇಲೆ. ಜಾನ್ ಹಾಜ್ನಲ್ 1965ರಲ್ಲಿ ಯುರೋಪಿನ ನಕ್ಷೆಯ ಮೇಲೆ ಸೇಂಟ್ ಪೀಟರ್ಸ್‌ಬರ್ಗಿನಿಂದ ಟ್ರೀಸ್ಟ್‌ವರೆಗೆ ಗೆರೆ ಎಳೆದು, ಅದರ ಪಶ್ಚಿಮಕ್ಕೆ ತಡವಾದ ಮದುವೆ, ಪೂರ್ವಕ್ಕೆ ಬೇಗನೆ ಮದುವೆ ಎಂದು ತೋರಿಸಿದ. ಪೂರ್ವದ ರಶಿಯಾದ ಜೀತದ ರೈತರಲ್ಲೂ ಬಾಲ್ಕನ್ ನಾಡಿನ ‘ಝಾದ್ರುಗ’ಗಳಲ್ಲೂ ಅಣ್ಣತಮ್ಮಂದಿರು ಮದುವೆಯಾದ ಮೇಲೂ ಒಂದೇ ಮನೆಯಲ್ಲಿ ದುಡಿದು ಉಣ್ಣುತ್ತಿದ್ದರು.

ಚಿಕ್ಕ ಸಂಸಾರಕ್ಕೆ ಒಂದು ಬೆಲೆ ಇದೆ. ಮುದುಕರನ್ನು ಯಾರು ನೋಡಿಕೊಳ್ಳಬೇಕು? ಇಂಗ್ಲೆಂಡಿನಲ್ಲಿ ಮಧ್ಯಯುಗದಲ್ಲೇ ಹೊಲವನ್ನು ಮಗನಿಗೆ ಬಿಟ್ಟುಕೊಡುವ ಅಪ್ಪ ಜಮೀನ್ದಾರನ ನ್ಯಾಯಸಭೆಯಲ್ಲಿ ಕರಾರು ಬರೆಸಿಕೊಳ್ಳುತ್ತಿದ್ದ: ವರ್ಷಕ್ಕೆ ಇಷ್ಟು ಕಾಳು, ಬೆಂಕಿಯ ಬಳಿ ಜಾಗ, ಒಂದು ಕೋಣೆ. ಮಗ ತಪ್ಪಿದರೆ ದಾವೆ. ಕರಾರಿಲ್ಲದವರಿಗೆ ಊರಿನ ಇಗರ್ಜಿಯ ಆಡಳಿತವೇ ದಿಕ್ಕು; 1601ರ ಬಡವರ ಕಾನೂನು ಅದನ್ನು ಊರ ತೆರಿಗೆಯ ಹೊಣೆ ಮಾಡಿತು. ಮಗನ ಮೇಲೆ ಹೀಗೆ ದಾವೆ ಹೂಡುವುದನ್ನು ಕಂಡು ಮೂಗು ಮುರಿಯುವವರು ಭಾರತ 2007ರಲ್ಲಿ ಮಾಡಿದ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯನ್ನು ಒಮ್ಮೆ ಓದಬೇಕು.

ಇನ್ನು ಆ ಆಳುವವರು ಇಲ್ಲಿ ಕಟ್ಟಿದ ನ್ಯಾಯಾಲಯಕ್ಕೆ ಬರೋಣ. ಮದರಾಸು ಹೈಕೋರ್ಟು 1862ರಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ ಅಳಿಯಸಂತಾನದ ಒಂದು ತಕರಾರು ಅದರ ಮುಂದೆ ಬಂತು. ಕುಟುಂಬದ ಒಬ್ಬ ಸದಸ್ಯ ಬಯಸಿದರೆ ಆಸ್ತಿಯನ್ನು ಪಾಲು ಮಾಡಿಸಬಹುದೇ? ಮಾಡಿಸಲಾಗದು ಎಂದು ನ್ಯಾಯಾಲಯ ಹೇಳಿತು. ಎಲ್ಲರೂ ಒಪ್ಪಿ ಪಾಲಾದರೆ ಸರಿ. ಒಬ್ಬ ಒಪ್ಪದಿದ್ದರೂ ಇಲ್ಲ. ಅಲ್ಲಿಯ ತನಕ ಹಿರಿಯರ ಪಂಚಾತಿಕೆ, ಹಟ, ರಾಜಿ, ದೈವದ ನುಡಿ ಇವುಗಳ ನಡುವೆ ಹೊಂದಿಕೊಂಡು ಬಾಗುತ್ತಿದ್ದ ರೂಢಿ ಈಗ ಮುದ್ರಿತ ತೀರ್ಪಾಯಿತು. ಒಡೆದು ಹೋಗಬಹುದಾಗಿದ್ದ ಎಷ್ಟೋ ಕುಟುಂಬಗಳು ಮುಂದಿನ ಎಂಬತ್ತಾರು ವರ್ಷ ಕಾಗದದ ಮೇಲೆ ಒಂದಾಗಿಯೇ ಉಳಿದವು. ತುಳುನಾಡಿನ ದೊಡ್ಡ ಕುಟುಂಬದ ‘ಪ್ರಾಚೀನ’ ಅಖಂಡತೆಯಲ್ಲಿ ಒಳ್ಳೆಯ ಭಾಗ ಮದರಾಸಿನ ಹೈಕೋರ್ಟಿನ ಕೊಡುಗೆ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಮದುವೆಯ ವಿಷಯದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. 1883ರಲ್ಲಿ ವರದಿಯಾದ ಒಂದು ಕ್ರಿಮಿನಲ್ ಪ್ರಕರಣದಲ್ಲಿ, ಅಳಿಯಸಂತಾನದ ಗಂಡಹೆಂಡಿರ ಸಂಬಂಧ ದಂಡಸಂಹಿತೆಯ ಅರ್ಥದಲ್ಲಿ ಮದುವೆಯೇ ಅಲ್ಲ ಎಂದು ತೀರ್ಮಾನವಾಯಿತು. ಹೆಂಗಸು ಬೇಡವೆಂದರೆ ಬಿಟ್ಟು ನಡೆಯಬಹುದು, ಮಕ್ಕಳು ಅವಳ ಕುಟುಂಬಕ್ಕೆ ಸೇರುತ್ತವೆ. ಹಾಗಿದ್ದ ಮೇಲೆ ಇದೆಂಥ ಮದುವೆ ಎಂಬ ಅನುಮಾನ ಗಂಡನ ಒಡೆತನವನ್ನೇ ಮದುವೆಯ ತಿರುಳೆಂದು ತಿಳಿದವರಿಗೆ ಸಹಜವಾದದ್ದು. ಊರಿನ ಮುಂದೆ ಧಾರೆ ಎರೆದುಕೊಂಡವರಿಗೆ ಅದು ಹೇಗೆ ಕೇಳಿಸಿತೋ.

ಘಟ್ಟದ ಮೇಲಿನ ಕಥೆಯೇ ಬೇರೆ. ಅಲ್ಲಿ ನಡೆಯುತ್ತಿದ್ದದ್ದು ಮಕ್ಕಳಸಂತಾನ, ಮಿತಾಕ್ಷರದ ಪ್ರಕಾರ. ಬಂಗಾಳ ಬಿಟ್ಟು ಭಾರತದ ಹೆಚ್ಚಿನ ಭಾಗ ಒಪ್ಪಿಕೊಂಡ ಈ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಕಂಪನಿಯ ನ್ಯಾಯಾಧೀಶರಿಗೆ ಅದೇ ಕೈಪಿಡಿ. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎನ್ನುವುದು ಅದರ ಮುಖ್ಯ ಮಾತು. ಹುಟ್ಟಿನಿಂದ ಹಕ್ಕಿದ್ದವನು ಬೆಳೆದ ಮೇಲೆ ಅದನ್ನು ಕೇಳಿಯೂ ಕೇಳುತ್ತಾನೆ. ಹಾಗಾಗಿ ಮಿತಾಕ್ಷರದ ಕೂಡುಕುಟುಂಬದ ಬಸಿರಲ್ಲೇ ಪಾಲುಪಟ್ಟಿ ಇತ್ತು. ಅಪ್ಪ ಸತ್ತು ವರ್ಷಾಂತಿಕ ಕಳೆಯುವುದರೊಳಗೆ ಹಿಸ್ಸೆ ಎತ್ತಿ, ಅಟ್ಟದ ಹಂಡೆಯಿಂದ ಹಿಡಿದು ಬಾವಿಯ ನೀರಿನ ಸರದಿಯವರೆಗೆ ಹಂಚಿಕೊಂಡ ಅಣ್ಣತಮ್ಮಂದಿರ ಕಥೆಗೆ ಯಾವ ಊರಲ್ಲೂ ಕೊರತೆಯಿಲ್ಲ. ಸಮಾಜಶಾಸ್ತ್ರಜ್ಞ ಎ.ಎಂ. ಶಾ ಗುಜರಾತಿನ ರಾಧ್ವಾಣಜ್ ಹಳ್ಳಿಯಲ್ಲಿ ಕೆಲಸ ಮಾಡುವಾಗ ಅದೇ ಊರಿನ 1825ರ ಜನಗಣತಿಯ ಕಾಗದಗಳು ಸಿಕ್ಕವು. ರೈಲಿಲ್ಲ, ಗಿರಣಿಯಿಲ್ಲ, ಇಂಗ್ಲಿಷ್ ಶಾಲೆಯಿಲ್ಲ. ಆದರೂ ಹೆಚ್ಚಿನ ಮನೆಗಳು ಚಿಕ್ಕವೇ. 1973ರಲ್ಲಿ ಈ ಅಧ್ಯಯನ ಪುಸ್ತಕವಾಗಿ ಬಂತು. ನಮ್ಮ ಮುತ್ತಜ್ಜಂದಿರೆಲ್ಲ ಐವತ್ತು ಜನರ ಮನೆಯಲ್ಲಿದ್ದರೆಂಬ ಹೆಮ್ಮೆಗೆ ಅದು ಸ್ವಲ್ಪ ಕಹಿ ಮದ್ದು.

ಮದರಾಸಿನಲ್ಲಿ ರೂಢಿ ತೀರ್ಪಾಗಿ ಗಟ್ಟಿಯಾದಂತೆ, ಜಪಾನಿನ ‘ಇಎ’ ಎಂಬ ಮನೆತನದ ಪದ್ಧತಿಯೂ ಕಾನೂನಾಗಿ ಗಟ್ಟಿಯಾಯಿತು. ಮುಖ್ಯವಾಗಿ ಸಮುರಾಯ್ ಮನೆತನಗಳಿಂದ ಪಡೆದ ಮಾದರಿಯನ್ನು 1898ರ ಮೇಜಿ ನಾಗರಿಕ ಸಂಹಿತೆ ಇಡೀ ದೇಶಕ್ಕೆ ಹಾಸಿತು. ಮನೆಯ ಯಜಮಾನನ ಒಪ್ಪಿಗೆಯಿಲ್ಲದೆ ಮದುವೆಯೂ ಕಷ್ಟ. ಯುದ್ಧದಲ್ಲಿ ಸೋತ ಮೇಲೆ, 1947ರಲ್ಲಿ, ಆ ಅಧಿಕಾರವನ್ನು ಸಂಹಿತೆಯಿಂದ ತೆಗೆದುಹಾಕಲಾಯಿತು. ಅರ್ಧ ಶತಮಾನ ಬಾಳಿದ ಕಾನೂನನ್ನು ಸಾವಿರ ವರ್ಷದ ಸಂಪ್ರದಾಯವೆಂದು ನೆನೆಯುವ ಜನ ಅಲ್ಲಿಯೂ ಇದ್ದಾರೆ.

ಮತ್ತೆ ಮಂಗಳೂರಿಗೆ ಬರೋಣ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಳಿಯಕಟ್ಟನ್ನು ಒಳಗಿನಿಂದ ಸಡಿಲಿಸಿದ್ದು ಸಂಬಳ ಮತ್ತು ಮುಂಬಯಿ. ಗುತ್ತಿನ ಗದ್ದೆ ಸೋದರಳಿಯನಿಗೆ, ಸರಿ. ಆದರೆ ವಕೀಲಿಯಿಂದ ಬಂದ ಫೀಸು, ಮುಂಬಯಿಯ ಹೋಟೆಲಿನ ಗಲ್ಲಾ ಯಾರಿಗೆ? ದುಡಿದವನ ಕಣ್ಣ ಮುಂದೆ ಬೆಳೆಯುತ್ತಿದ್ದದ್ದು ಸ್ವಂತ ಮಕ್ಕಳು, ಅಳಿಯಂದಿರು ಊರಲ್ಲಿ. ಇತ್ತ ಊರಲ್ಲಿ ಯಜಮಾನ ತನ್ನ ಹೆಂಡತಿ ಮಕ್ಕಳ ಕಡೆಗೆ ಕುಟುಂಬದ ಅಕ್ಕಿಮುಡಿ ಸಾಗಿಸುತ್ತಾನೆಂದು ಅಳಿಯಂದಿರ ದೂರು, ಅದರ ಮೇಲೆ ದಾವೆ. ಮಾವ ಅಳಿಯಂದಿರ ವ್ಯಾಜ್ಯದಿಂದ ಮಂಗಳೂರು, ಉಡುಪಿಯ ವಕೀಲರ ಎಷ್ಟು ಮನೆಗಳಿಗೆ ಮಹಡಿ ಏರಿದವೋ ಲೆಕ್ಕ ಇಟ್ಟವರಿಲ್ಲ.

ಮಲಬಾರಿನ ನಾಯರರಿಗೆ 1896ರಲ್ಲಿ ಮದುವೆಯ ಕಾಯ್ದೆ, 1932ರಲ್ಲಿ ಮದರಾಸು ಮರುಮಕ್ಕತ್ತಾಯಂ ಕಾಯ್ದೆ ಸಿಕ್ಕಿದ್ದವು. ತುಳುನಾಡು 1949ರವರೆಗೆ ಕಾಯಬೇಕಾಯಿತು. ಆ ಕಾಯ್ದೆ ಮದುವೆಯನ್ನು ಮದುವೆ ಎಂದು ಒಪ್ಪಿಕೊಂಡಿತು. ಪಾಲು ಕೇಳುವ ಹಕ್ಕನ್ನು ಕವರಿಗೆ ಕೊಟ್ಟಿತು. ಅದರಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಐವತ್ತು ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು ‘ಸಂತತಿ ಕವರು’. ಇಲ್ಲದ್ದು ‘ನಿಸ್ಸಂತತಿ ಕವರು’. ಮೂವರು ಗಟ್ಟಿಮುಟ್ಟಾದ ಅಣ್ಣತಮ್ಮಂದಿರು, ಅವರಿಗೆಲ್ಲ ಹೆಂಡತಿ ಮಕ್ಕಳು. ಆದರೂ ಅಕ್ಕತಂಗಿಯರಿಲ್ಲದಿದ್ದರೆ, ತಾಯಿಗೆ ಐವತ್ತು ದಾಟಿದ್ದರೆ, ಕಾಯ್ದೆಯ ಕಣ್ಣಿಗೆ ಅವರು ನಿಸ್ಸಂತಾನರು. ಕುಟುಂಬದಲ್ಲಿ ಬೇರೆಡೆ ಐವತ್ತರೊಳಗಿನ ಹೆಣ್ಣಿದ್ದರೆ ಅವರ ಪಾಲಿಗೆ ಬಂದ ಆಸ್ತಿ ಅವರ ಜೀವಮಾನದ ಅನುಭೋಗಕ್ಕೆ ಮಾತ್ರ. ಹೆಣ್ಣಿನ ವಯಸ್ಸನ್ನು ನೋಡಿ ಗಂಡಸಿನ ಆಸ್ತಿಯ ಹಕ್ಕನ್ನು ಅಳೆದ ಕಾನೂನು ಈ ದೇಶದಲ್ಲಿ ಅಪರೂಪ. ಹಿಂದೆ ‘ಉಂಡುಕೊಳ್ಳಿ’ ಎಂದು ಬಿಟ್ಟುಕೊಟ್ಟ ಏರ್ಪಾಡುಗಳಲ್ಲಿ ಯಾವುದನ್ನು ಪಾಲೆಂದು ಎಣಿಸಬೇಕು ಎಂಬುದಕ್ಕೂ ಕಾಯ್ದೆ ಒಂದು ಸೂತ್ರ ಹಾಕಿತು. ಆ ಸೂತ್ರದ ಅರ್ಥ ಹುಡುಕುತ್ತ ನ್ಯಾಯಾಲಯಗಳು ದಶಕಗಳನ್ನು ಕಳೆದವು.

1956 ಎರಡು ಏಟು ಕೊಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದು, ಕುಟುಂಬದ ಸದಸ್ಯ ಸತ್ತಾಗ ಅವನ ಭಾಗ ಕವರಿಗೆ ಹಿಂತಿರುಗದೆ ಅವನ ವಾರಸುದಾರರಿಗೆ ಹೋಗುವಂತೆ ಮಾಡಿತು. ‘ಕುಟುಂಬ’, ‘ಕವರು’ ಎಂಬ ಮಾತುಗಳು ಸಂಸತ್ತಿನ ಕಾಯ್ದೆಯೊಳಗೆ ಸೇರಿದ್ದೇ ಅವನ್ನು ಕರಗಿಸುವುದಕ್ಕಾಗಿ. ಅದೇ ವರ್ಷ ರಾಜ್ಯಗಳ ಗಡಿ ಬದಲಾಗಿ ದಕ್ಷಿಣ ಕನ್ನಡ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ. ತಾಯಿಯ ಕಡೆಯ ಒಂದೇ ಬಳಿಯ, ಒಂದೇ ದೈವಕ್ಕೆ ನಡೆದುಕೊಳ್ಳುವ ನೆಂಟರು ಎರಡು ರಾಜ್ಯಗಳ ಕಾನೂನಿಗೆ ಹಂಚಿಹೋದರು. ಕೇರಳ 1975ರ ಕಾಯ್ದೆಯಿಂದ ಹಿಂದೂ ಅವಿಭಕ್ತ ಕುಟುಂಬವನ್ನೇ ರದ್ದುಮಾಡಿತು. ಕಾಸರಗೋಡಿನ ಅಳಿಯಸಂತಾನದವರೂ ಅದರೊಳಗೆ ಬಂದರು. ಕರ್ನಾಟಕದಲ್ಲಿ ಆ ಕೆಲಸವನ್ನು ಬೇರೆ ದಾರಿಯಿಂದ ಮಾಡಿದ್ದು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ. ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು, ಗೇಣಿಯ ಗದ್ದೆ ಗೇಯುವವರದ್ದಾಯಿತು. ಹಂಚಿಕೊಳ್ಳಲು ಗುತ್ತುಗಳಲ್ಲಿ ಉಳಿದದ್ದು ದೊಡ್ಡ ಮನೆ, ಖಾಲಿ ಪತ್ತಾಯ, ಹಳೆಯ ವ್ಯಾಜ್ಯ. ಗೇಣಿಯ ಅಕ್ಕಿ ಅಳೆದುಕೊಟ್ಟ ಒಕ್ಕಲಿನವರ ಕಡೆಯಿಂದ ನೋಡಿದರೆ ಇದರಲ್ಲಿ ದುಃಖಪಡುವಂಥದ್ದು ಹೆಚ್ಚೇನಿಲ್ಲ.

ಹಾಗಾದರೆ ದೊಡ್ಡ ಕುಟುಂಬ ಮುಗಿಯಿತೇ? ಕೊಡಗಿನಲ್ಲಿ ಕೇಳಿ ನೋಡಬೇಕು. ಕೊಡವರ ಒಕ್ಕ, ಅಂದರೆ ಕುಟುಂಬ, ತಂದೆಯ ಕಡೆಯದು. ಅದಕ್ಕೊಂದು ಮೂಲಮನೆಯಾದ ಐನ್‌ಮನೆ, ಯಜಮಾನನಾಗಿ ಒಬ್ಬ ಪಟ್ಟೆದಾರ, ಹಿಂದೆ ಮಾರಲಾಗದಿದ್ದ ಜಮ್ಮಾ ಭೂಮಿ. ಒಕ್ಕದಿಂದ ಹೊರಗೆ ಕೊಡವನಿಗೆ ನೆಲೆಯಿಲ್ಲ ಎಂಬರ್ಥದ ಮಾತನ್ನು ಎಂ.ಎನ್. ಶ್ರೀನಿವಾಸ್ 1952ರ ತಮ್ಮ ಗ್ರಂಥದಲ್ಲಿ ಬರೆದರು. ಆಮೇಲೆ ಜನ ಬೆಂಗಳೂರಿಗೆ, ಸೈನ್ಯಕ್ಕೆ, ಹೊರದೇಶಕ್ಕೆ ಹೋದರು. ಎಷ್ಟೋ ಐನ್‌ಮನೆಗಳ ಬೀಗ ತೆಗೆಯುವುದೇ ಹಬ್ಬಕ್ಕೆ. ಆದರೆ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಕೊಡವ ಕುಟುಂಬಗಳ ಹಾಕಿ ಪಂದ್ಯ ಶುರುಮಾಡಿದಾಗ 60 ಒಕ್ಕಗಳು ತಂಡ ಕಟ್ಟಿಕೊಂಡು ಬಂದವು. ಒಂದೊಂದು ವರ್ಷ ಒಂದೊಂದು ಒಕ್ಕದ ಆತಿಥ್ಯ. ಈಚಿನ ವರ್ಷಗಳಲ್ಲಿ ತಂಡಗಳ ಸಂಖ್ಯೆ ಮುನ್ನೂರು ದಾಟಿದೆ. ಹನ್ನೊಂದು ಜನರನ್ನು ಹೊಂದಿಸಲು ಹುಡುಗ, ಮುದುಕ, ಹೆಂಗಸು ಎನ್ನದೆ ಕುಟುಂಬದ ಎಲ್ಲರನ್ನೂ ಫೋನು ಮಾಡಿ ಕರೆಸುತ್ತಾರೆ. ಒಂದೇ ಒಲೆಯ ಅನ್ನ ಉಣ್ಣದವರು ಒಂದೇ ಹೆಸರಿನ ಜೆರ್ಸಿ ತೊಡುತ್ತಾರೆ.

ತುಳುನಾಡಿನಲ್ಲಿ ಆ ಕೆಲಸವನ್ನು ದೈವ ಮಾಡುತ್ತಿದೆ. ಪಾಲುಪತ್ರ ಬರೆಯುವಾಗ ಗದ್ದೆ, ತೋಟ, ಗುಡ್ಡೆ ಎಲ್ಲ ಹಂಚಿದರೂ ಚಾವಡಿ, ದೈವದ ಕೋಣೆ, ನಾಗಬನ ಇವನ್ನು ಪಾಲಿಗೆ ಸೇರಿಸದೆ ಎಲ್ಲರದ್ದೆಂದು ಬಿಡುವುದು ರೂಢಿ. ಕುಸಿದುಬಿದ್ದ ಗುತ್ತಿನ ಮನೆಗಳನ್ನು ಈಚಿನ ದಶಕಗಳಲ್ಲಿ ಮುಂಬಯಿ ಮತ್ತು ಗಲ್ಫಿನ ಹಣದಲ್ಲಿ ಎತ್ತಿ ನಿಲ್ಲಿಸಲಾಗಿದೆ. ಜ್ಯೋತಿಷಿಯ ಬಳಿ ಪ್ರಶ್ನೆ ಇಟ್ಟು, ಬ್ರಹ್ಮಕಲಶ ಮಾಡಿ, ಕುಟುಂಬದ ಹೆಸರಲ್ಲಿ ಟ್ರಸ್ಟ್ ನೋಂದಾಯಿಸಿ, ವರ್ಷದ ನೇಮಕ್ಕೆ ತಲಾ ಇಷ್ಟು ಎಂದು ವಂತಿಗೆ ಎತ್ತುತ್ತಾರೆ. ಗುತ್ತಿನ ಮನೆ ಹೇಗಿತ್ತೆಂದು ನೋಡಬಯಸುವವರಿಗೆ ಮಂಗಳೂರಿನ ಪಿಲಿಕುಳದಲ್ಲಿ ಮಾದರಿಯೊಂದು ಸಿದ್ಧವಿದೆ. ಅಲ್ಲಿ ದೈವವೂ ಇಲ್ಲ, ವಂತಿಗೆಯೂ ಇಲ್ಲ. ನಿಜವಾದ ಗುತ್ತುಗಳಲ್ಲಿ ಗಡಿಯನ್ನು, ಅಂದರೆ ಗುತ್ತಿನ ಯಜಮಾನಿಕೆಯ ಪೀಠವನ್ನು, ಏರುವವನನ್ನು ಇವತ್ತಿಗೂ ಆರಿಸುವುದು ತಾಯಿಯ ದಾರಿಯ ಹಿರಿತನ ನೋಡಿಯೇ. ಅವನ ಫ್ಲ್ಯಾಟು, ಬ್ಯಾಂಕಿನ ಠೇವಣಿ, ಕಾರು 1956ರ ಕಾಯ್ದೆಯಂತೆ ಹೆಂಡತಿ ಮಕ್ಕಳಿಗೆ ಹೋಗುತ್ತವೆ. ಗಡಿ ಮಾತ್ರ ಅವನ ಅಕ್ಕನ ಮಗನಿಗೆ. ಆ ಅಳಿಯ ದುಬೈಯಲ್ಲಿದ್ದರೆ, ನೇಮದ ದಿನ ಕಟ್ಟೆಯ ಮೇಲೆ ಕೂರುವವರು ಯಾರೆಂದು ತೀರ್ಮಾನಿಸಲು ಕವರಿಗೊಬ್ಬರಂತೆ ಸೇರಿ ಸಭೆ ನಡೆಸುತ್ತಾರೆ.